ಹೊಸ ಕಾರ್ಟ್ರಿಜ್ ಮೊದಲ ದಿನ ಸಪ್ಪೆ, ಈಗ ಇಷ್ಟ: ಬದಲಾದದ್ದು ಸೂಜಿಯೋ, ಕಿವಿಯೋ?

ಪ್ರಶ್ನೆ: ನನ್ನ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಜೊತೆಗೆ ಆರ್ಟೊಫಾನ್ 2ಎಂ ರೆಡ್ ಕಾರ್ಟ್ರಿಜ್ ಬಂದಿತ್ತು, ಅಂದರೆ ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಭಾಗ. ಇಷ್ಟು ವರ್ಷ ಅದರಲ್ಲೇ ಕೇಳಿದೆ. ಈಚೆಗೆ ಹೋಲಿಕೆಯ ವಿಡಿಯೋಗಳನ್ನು ನೋಡಿ ಆಡಿಯೋ-ಟೆಕ್ನಿಕಾ ವಿಎಂ95ಎಂಎಲ್ ತರಿಸಿ ಹಾಕಿಕೊಂಡೆ. ವಿಡಿಯೋದಲ್ಲಿ ಹೊಸದು ಎಷ್ಟೋ ಮೇಲು ಅನಿಸಿತ್ತು. ನನ್ನಲ್ಲಿ ಮೊದಲ ದಿನ ಸಪ್ಪೆಯಾಗಿ ಕೇಳಿಸಿತು. ಎರಡು ವಾರವಾದ ಮೇಲೆ ಈಗ ಇಷ್ಟವಾಗುತ್ತಿದೆ. ಆದರೆ ಕೆಲವು ರೆಕಾರ್ಡ್‌ಗಳಲ್ಲಿ ಹಾಡುವವರ ‘ಸ’, ‘ಶ’ ಕಿವಿಗೆ ಚುಚ್ಚುತ್ತದೆ. ಒಬ್ಬ ಗೆಳೆಯ ‘ಇನ್ನೂ ಐವತ್ತು ಗಂಟೆ ಓಡಲಿ, ತಾನೇ ಸರಿಹೋಗುತ್ತದೆ’ ಎನ್ನುತ್ತಾನೆ. ಇನ್ನೊಬ್ಬ ‘ಎಲ್ಲ ನಿನ್ನ ಭ್ರಮೆ, ವ್ಯತ್ಯಾಸ ಬೇಕಿದ್ದರೆ ಮೂವಿಂಗ್ ಕಾಯಿಲ್ ತಗೋ’ ಎನ್ನುತ್ತಾನೆ (ಅಯಸ್ಕಾಂತದ ಬದಲು ಸುರುಳಿ ಅಲುಗುವ ಬೇರೆ ಬಗೆಯ ಕಾರ್ಟ್ರಿಜ್ ಅದು). ಎರಡನ್ನೂ ಒಂದಾದ ಮೇಲೊಂದು ಕೇಳೋಣ ಎಂದರೆ ಬಿಚ್ಚಿ ಹಾಕುವುದಕ್ಕೇ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮೊದಲಿನದು ಹೇಗಿತ್ತು ಅನ್ನುವುದೇ ಮರೆತಿರುತ್ತದೆ. ಇಷ್ಟು ಚೂಪಾದ ಸೂಜಿ ರೆಕಾರ್ಡನ್ನು ಕೊರೆದುಬಿಡುತ್ತದೆಯೋ ಎಂಬ ಭಯವೂ ಇದೆ. ಕಾರ್ಟ್ರಿಜ್‌ನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ನನ್ನ ಫೋನೋ ಸ್ಟೇಜ್ ಮೇಲೆ 220 ಪಿಕೊಫ್ಯಾರಡ್ (ಕೆಪ್ಯಾಸಿಟನ್ಸ್‌ನ ಅಳತೆ) ಎಂದು ಬರೆದಿದೆ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಕೊನೆಯ ಸಾಲು ಬರೆದು ಒಳ್ಳೆಯದು ಮಾಡಿದಿರಿ. ‘ಸ’, ‘ಶ’ ಚುಚ್ಚುವುದಕ್ಕೆ ನನಗೆ ಮೊದಲ ಅನುಮಾನ ಆ 220ರ ಮೇಲೇ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಚಿಂತೆ ಇಷ್ಟು, ಅಲ್ವಾ? ವ್ಯತ್ಯಾಸ ಕೇಳಿಸಿದ್ದು ನಿಜ. ಆದರೆ ಅದು ಕಾರ್ಟ್ರಿಜ್‌ನದೋ, ನಿಮ್ಮ ಮನಸ್ಸಿನದೋ ಗೊತ್ತಾಗುತ್ತಿಲ್ಲ. ಟರ್ನ್‌ಟೇಬಲ್ ರಿಪೇರಿ, ಸೆಟಪ್ ಮಾಡುವ ನನ್ನಂಥವರ ಮೇಜಿಗೆ ಪದೇ ಪದೇ ಬರುವ ದೂರು ಇದು. ಬಹಳ ಸಲ ಉತ್ತರ ಎರಡೂ ಅಲ್ಲ. ವ್ಯತ್ಯಾಸ ನಿಜವಾಗಿಯೂ ಇರುತ್ತದೆ, ಆದರೆ ಅದು ಹುಟ್ಟಿದ್ದು ವಾಲ್ಯೂಮ್‌ನಿಂದ, ಭಾರದಿಂದ, ವೈರ್‌ನಿಂದ. ಅವನ್ನೆಲ್ಲ ಸರಿಮಾಡಿದ ಮೇಲೂ ಉಳಿಯುತ್ತದಲ್ಲ, ಅದು ಕಾರ್ಟ್ರಿಜ್‌ನ ಸದ್ದು.

ಮೊದಲ ದಿನದ ಸಪ್ಪೆಯನ್ನೇ ತೆಗೆದುಕೊಳ್ಳಿ. 2ಎಂ ರೆಡ್ ಕೊಡುವುದು 5.5 ಮಿಲಿವೋಲ್ಟ್, ವಿಎಂ95ಎಂಎಲ್ ಕೊಡುವುದು 3.5 ಮಿಲಿವೋಲ್ಟ್. ವಾಲ್ಯೂಮ್ ಗುಂಡಿ ಮುಟ್ಟದೆ ಬದಲಿಸಿದರೆ ಸದ್ದು ಸುಮಾರು 4 ಡೆಸಿಬಲ್ ಇಳಿಯುತ್ತದೆ. ಅದು ಸಣ್ಣ ಇಳಿತವಲ್ಲ. ಸದ್ದು ಇಳಿದಾಗ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಉಳಿದವಕ್ಕಿಂತ ಜಾಸ್ತಿ ಕಡಿಮೆಯಾದಂತೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ‘ಸದ್ದು ಕಡಿಮೆಯಾಯಿತು’ ಎಂದು ಯಾರಿಗೂ ಅನಿಸುವುದಿಲ್ಲ. ‘ಸಪ್ಪೆ’, ‘ಜೀವ ಇಲ್ಲ’, ‘ತೆಳುವಾಗಿದೆ’ ಎಂದೇ ಅನಿಸುತ್ತದೆ. ದಿನ ಕಳೆದಂತೆ ನಿಮಗೇ ಗೊತ್ತಿಲ್ಲದೆ ಗುಂಡಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿರುತ್ತೀರಿ. ಅದರ ಜೊತೆಗೆ ಕಿವಿಯೂ ಒಗ್ಗಿಕೊಂಡಿರುತ್ತದೆ. ಎರಡು ವಾರದ ‘ಸುಧಾರಣೆ’ಯಲ್ಲಿ ದೊಡ್ಡ ಪಾಲು ಇದೇ.

ಹಾಗಾದರೆ ಗೆಳೆಯ ಹೇಳಿದ ಐವತ್ತು ಗಂಟೆ? ಪೂರ್ತಿ ಸುಳ್ಳಲ್ಲ. ಕ್ಯಾಂಟಿಲಿವರ್, ಅಂದರೆ ಸೂಜಿ ಕೂತಿರುವ ಸಣ್ಣ ಕಡ್ಡಿ, ರಬ್ಬರಿನಂಥ ಒಂದು ಬಳೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಸದರಲ್ಲಿ ಅದು ತುಸು ಬಿಗಿ, ಓಡಿದಂತೆ ಸ್ವಲ್ಪ ಸಡಿಲ. ಚಳಿ ಇದ್ದರೂ ಬಿಗಿಯಾಗುತ್ತದೆ. ಆದರೆ ಚುಚ್ಚುವ ‘ಸ’ ಇದರಿಂದಲೇ ಮೆತ್ತಗಾಗುತ್ತದೆ ಎಂದು ಕಾಯುತ್ತಾ ಕೂರುವುದು ನನಗೆ ಸರಿಕಾಣುವುದಿಲ್ಲ. ಸೆಟಪ್ ತಪ್ಪಿದ್ದರೆ ಆ ಐವತ್ತು ಗಂಟೆಯಲ್ಲಿ ಸವೆಯುವುದು ನಿಮ್ಮ ರೆಕಾರ್ಡ್‌ಗಳು.

ಹಾಗಾಗಿ ಹೋಲಿಸುವ ಮೊದಲು ಒಂದು ಸಣ್ಣ ತಪಾಸಣೆ ಮಾಡಿ. 2ಎಂ ರೆಡ್‌ನ ತೂಕ 7.2 ಗ್ರಾಂ, ಹೊಸದರ ತೂಕ 6.1 ಗ್ರಾಂ. ಕಾರ್ಟ್ರಿಜ್ ಹಿಡಿದಿರುವ ಆರ್ಮ್‌ನ ಹಿಂದಿನ ಕೌಂಟರ್‌ವೇಟನ್ನು (ತೂಕ ಸರಿದೂಗಿಸುವ ಗುಂಡು) ಹೊಸದಾಗಿ ಹೊಂದಿಸದೆ ಕಾರ್ಟ್ರಿಜ್ ಮಾತ್ರ ಬದಲಿಸಿದ್ದರೆ ಸೂಜಿಯ ಮೇಲಿನ ಭಾರ ಒಂದು ಗ್ರಾಂಗಿಂತ ಜಾಸ್ತಿ ಇಳಿದಿರುತ್ತದೆ. 1.8 ಗ್ರಾಂ ಇದ್ದದ್ದು 0.7ಕ್ಕೆ ಬಂದಿರುತ್ತದೆ. ವಿಎಂ95ಎಂಎಲ್‌ಗೆ ಬೇಕಾದದ್ದು 2 ಗ್ರಾಂ. ಭಾರ ಸಾಲದಿದ್ದರೆ ಜೋರು ಜಾಗಗಳಲ್ಲಿ ಸೂಜಿ ಗ್ರೂವ್‌ನ (ರೆಕಾರ್ಡ್ ಮೇಲಿನ ಸಣ್ಣ ಕಾಲುವೆ) ಗೋಡೆ ಬಿಟ್ಟು ಹಾರಿ ಮತ್ತೆ ಬಡಿಯುತ್ತದೆ. ‘ಸ’ ಸಿಡಿಯುವುದಕ್ಕೆ ಅದೂ ಒಂದು ಕಾರಣ. ಭಾರ ಕಡಿಮೆ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಎಂಬ ನಂಬಿಕೆ ತಲೆಕೆಳಗು. ಗೋಡೆಗೆ ಬಡಿಯುವ ಸೂಜಿ ಮಾಡುವಷ್ಟು ಹಾನಿಯನ್ನು ಸರಿಯಾದ ಭಾರದಲ್ಲಿ ಕೂತ ಸೂಜಿ ಮಾಡುವುದಿಲ್ಲ. ಕೌಂಟರ್‌ವೇಟ್ ಮೇಲಿನ ಅಂಕಿ ನಂಬಬೇಡಿ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿ.

ಆಮೇಲೆ ಪ್ರೊಟ್ರ್ಯಾಕ್ಟರ್ (ಗೆರೆ ಎಳೆದ ಅಳತೆ ಹಲಗೆ) ಇಟ್ಟು ಕಾರ್ಟ್ರಿಜ್ ನೇರ ಕೂತಿದೆಯೇ ನೋಡಿ. ಕಾರ್ಟ್ರಿಜ್ ಕೂರಿಸಲು ಈಗ ಬಳಕೆಯಲ್ಲಿರುವ ಲೆಕ್ಕಗಳ ಬೇರು 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್ ಮಾಡಿದ ಕೆಲಸದಲ್ಲಿದೆ. ಬೇರ್‌ವಾಲ್ಡ್ ಪ್ರೊಟ್ರ್ಯಾಕ್ಟರ್ ಆದರೆ ಸಾಮಾನ್ಯವಾಗಿ ರೆಕಾರ್ಡ್‌ನ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದ ಎರಡು ಬಿಂದುಗಳಲ್ಲಿ ಕ್ಯಾಂಟಿಲಿವರ್ ಗೆರೆಗೆ ಸರಿಯಾಗಿ ಕೂರಬೇಕು. ಕಾರ್ಟ್ರಿಜ್‌ನ ಪ್ಲಾಸ್ಟಿಕ್ ಮೈಯನ್ನಲ್ಲ, ಕ್ಯಾಂಟಿಲಿವರನ್ನೇ ನೋಡಬೇಕು. ನಿಮ್ಮ ವಿಎಂ95ಎಂಎಲ್‌ನ ತೆಳು ಅಂಚಿನ ಮೈಕ್ರೋಲೈನ್ ಸೂಜಿಗೆ ಇದು ಮುಖ್ಯ. ದುಂಡು ಸೂಜಿ ಸೊಟ್ಟ ಕೂತರೂ ಹೇಗೋ ಹಾಡುತ್ತದೆ. ಇದು ಹಾಗಲ್ಲ. ಆರ್ಮ್‌ನ ಎತ್ತರದ ಬಗ್ಗೆ ಮಾತ್ರ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಸಾಮಾನ್ಯ ಉದ್ದದ ಆರ್ಮ್‌ನಲ್ಲಿ ಹಿಂಬದಿಯನ್ನು ಒಂದು ಮಿಲಿಮೀಟರ್ ಎತ್ತಿದರೆ ಸೂಜಿಯ ಕೋನ ಬದಲಾಗುವುದು ಕಾಲು ಡಿಗ್ರಿ. ಪ್ರತಿ ರೆಕಾರ್ಡ್‌ನ ದಪ್ಪಕ್ಕೂ ಎತ್ತರ ಬದಲಿಸುವವರಿದ್ದಾರೆ. ಅದು ಅವರ ಖುಷಿ. ಆರ್ಮ್ ರೆಕಾರ್ಡ್‌ಗೆ ಹೆಚ್ಚುಕಡಿಮೆ ಸಮವಾಗಿದ್ದರೆ ಸದ್ಯಕ್ಕೆ ಸಾಕು.

ಈಗ ಆ 220ಕ್ಕೆ ಬರೋಣ.

ನಿಮ್ಮ ಎರಡೂ ಕಾರ್ಟ್ರಿಜ್‌ಗಳಲ್ಲಿ ಅಯಸ್ಕಾಂತ ಅಲುಗುತ್ತದೆ, ಸುರುಳಿ ನಿಂತಿರುತ್ತದೆ. ಸಾವಿರಾರು ಸುತ್ತಿನ ಆ ಸುರುಳಿಗೆ ಇಂಡಕ್ಟನ್ಸ್ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಇರುತ್ತದೆ: 2ಎಂ ರೆಡ್‌ನಲ್ಲಿ 700 ಮಿಲಿಹೆನ್ರಿ, ವಿಎಂ95ಎಂಎಲ್‌ನಲ್ಲಿ 550. ಅದು ವೈರ್ ಮತ್ತು ಫೋನೋ ಸ್ಟೇಜ್‌ನ ಕೆಪ್ಯಾಸಿಟನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ಜೊತೆ ಸೇರಿ ಯಾವುದೋ ಒಂದು ಸ್ವರಮಟ್ಟದಲ್ಲಿ ಅನುರಣಿಸುತ್ತದೆ. ಆ ಮಟ್ಟದಲ್ಲಿ ಸದ್ದು ಉಬ್ಬುತ್ತದೆ, ಅದರಾಚೆ ಕುಸಿಯುತ್ತದೆ. ತಯಾರಕರು ಇಂತಿಷ್ಟು ಕೆಪ್ಯಾಸಿಟನ್ಸ್ ಇರಬೇಕು ಎಂದು ಕೊಡುವುದು ಇದಕ್ಕೇ. 2ಎಂ ರೆಡ್‌ಗೆ 150ರಿಂದ 300 ಪಿಕೊಫ್ಯಾರಡ್, ವಿಎಂ95 ಸಾಲಿಗೆ 100ರಿಂದ 200. ನೆನಪಿಡಿ, ಇದು ಒಟ್ಟು ಮೊತ್ತ. ನಿಮ್ಮ ಫೋನೋ ಸ್ಟೇಜ್ ಒಂದೇ 220. ಆರ್ಮ್ ಒಳಗಿನ ವೈರ್, ಹೊರಗಿನ ಕೇಬಲ್ ಸೇರಿ ಇನ್ನೊಂದು 150 ಎಂದಿಟ್ಟುಕೊಳ್ಳೋಣ. ಒಟ್ಟು 370.

ಲೆಕ್ಕ ಹಾಕಿದರೆ ವಿಎಂ95ಎಂಎಲ್ ಈ 370ರಲ್ಲಿ 11 ಕಿಲೋಹರ್ಟ್ಸ್ ಹತ್ತಿರ ಅನುರಣಿಸುತ್ತದೆ. ಫೋನೋ ಸ್ಟೇಜ್‌ನ ಲೋಡ್, ಅಂದರೆ ಅದು ಒಡ್ಡುವ ರೋಧ, 47 ಕಿಲೋಓಮ್ ಇದ್ದಾಗ, ಕಾಗದದ ಮೇಲೆ, ಅದಕ್ಕಿಂತ ತುಸು ಕೆಳಗೆ ಎರಡೂವರೆ ಡೆಸಿಬಲ್‌ನಷ್ಟು ಉಬ್ಬು. ‘ಸ’, ‘ಶ’ದ ಮೊನೆ ಇರುವುದೂ ಆ ಆಸುಪಾಸಿನಲ್ಲೇ. ಅದೇ ಕಾರ್ಟ್ರಿಜ್‌ಗೆ ಒಟ್ಟು 150 ಇದ್ದರೆ ಅನುರಣನ 17 ಕಿಲೋಹರ್ಟ್ಸ್ ದಾಟಿ ಹೋಗುತ್ತದೆ, ಉಬ್ಬು ಇಲ್ಲವೆಂದೇ ಹೇಳಬಹುದು. ಕಾರ್ಟ್ರಿಜ್ ಅದೇ, ಸೂಜಿ ಅದೇ, ರೆಕಾರ್ಡ್ ಅದೇ. ಒಬ್ಬರು ‘ತೀಕ್ಷ್ಣ’ ಎನ್ನುತ್ತಾರೆ, ಇನ್ನೊಬ್ಬರು ‘ಹದವಾಗಿದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಂದು ಕಾರ್ಟ್ರಿಜ್ ಬಗ್ಗೆ ಜನ ಜಗಳವಾಡುವುದು ಕಂಡಾಗ ನಾನು ಮೊದಲು ಕೇಳುವುದು ಅವರವರ ಕೇಬಲ್ ಎಷ್ಟು ಉದ್ದ ಎಂದು.

ನಿಮ್ಮ ಫೋನೋ ಸ್ಟೇಜ್‌ನ ತಳದಲ್ಲೋ ಹಿಂದೆಯೋ ಸಣ್ಣ ಸ್ವಿಚ್‌ಗಳಿದ್ದರೆ 100ಕ್ಕೋ ಅದಕ್ಕಿಂತ ಕಡಿಮೆಗೋ ಇಳಿಸಿ. ಸ್ವಿಚ್ ಇಲ್ಲದಿದ್ದರೆ ಗಿಡ್ಡ, ಕಡಿಮೆ ಕೆಪ್ಯಾಸಿಟನ್ಸ್‌ನ ಕೇಬಲ್ ಹಾಕಿ. ಅದು ಪೂರ್ತಿ ಪರಿಹಾರವಲ್ಲ, ಸ್ವಲ್ಪ ಮಟ್ಟಿಗೆ ಸುಧಾರಿಸುತ್ತದೆ. ಪೆಟ್ಟಿಗೆ ಬಿಚ್ಚಿ ಕೆಪ್ಯಾಸಿಟರ್ ಬದಲಿಸಬಹುದು, ಆದರೆ ವಾರಂಟಿ ಹೋಗುತ್ತದೆ. ಕೈ ನಡುಗಿದರೆ ಫೋನೋ ಸ್ಟೇಜೂ ಹೋಗುತ್ತದೆ. ಬೆಸುಗೆ ಕೆಲಸ ಗೊತ್ತಿಲ್ಲದಿದ್ದರೆ ಆ ದಾರಿ ಬೇಡ.

ಇಷ್ಟೆಲ್ಲ ಆದ ಮೇಲೆ ಎರಡು ಕಾರ್ಟ್ರಿಜ್‌ಗಳ ನಡುವೆ ಏನು ಉಳಿಯುತ್ತದೆ? ಸೂಜಿಯ ಆಕಾರ. ನನ್ನ ಮಟ್ಟಿಗೆ ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲೇ.

ಎಲ್‌ಪಿ ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ಸುತ್ತುತ್ತದೆ, ಅಂಚಿನಲ್ಲೂ ಅಷ್ಟೇ, ಲೇಬಲ್ ಹತ್ತಿರವೂ ಅಷ್ಟೇ. ಆದರೆ ಒಳಗೆ ಹೋದಂತೆ ಸುತ್ತು ಚಿಕ್ಕದು. ಮೊದಲ ಹಾಡಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ. ಕೊನೆಯ ಹಾಡಿನ ತುದಿಯಲ್ಲಿ ಬರೀ 21. ಅಂದರೆ 10 ಕಿಲೋಹರ್ಟ್ಸ್‌ನ ಒಂದು ಪೂರ್ತಿ ಅಲೆ ಅಂಚಿನಲ್ಲಿ 51 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಉದ್ದ ಇದ್ದದ್ದು, ಒಳಗೆ 21 ಮೈಕ್ರಾನ್‌ಗೆ ಕುಗ್ಗುತ್ತದೆ. ಅಷ್ಟರೊಳಗೆ ಒಂದು ಏರು, ಒಂದು ಇಳಿ. ಈಗ ಸೂಜಿಯ ಬದಿ ನೋಡಿ. 2ಎಂ ರೆಡ್‌ನ ಎಲಿಪ್ಟಿಕಲ್ (ಅಂಡಾಕಾರದ) ತುದಿ ಗೋಡೆಗೆ ತಾಗುವ ಕಡೆ 8 ಮೈಕ್ರಾನ್ ತ್ರಿಜ್ಯದ ದುಂಡು. ಮೈಕ್ರೋಲೈನ್‌ನದು ಸುಮಾರು 3 ಮೈಕ್ರಾನ್. ಅಂಚಿನ ಅಗಲ ಅಲೆಯಲ್ಲಿ ಎರಡೂ ಸಲೀಸಾಗಿ ಇಳಿದು ಹತ್ತುತ್ತವೆ. ಒಳಗಿನ ಇಕ್ಕಟ್ಟಿನಲ್ಲಿ 8ರದ್ದಕ್ಕೆ ಅಲೆಯ ತಳ ಮುಟ್ಟಲು ಕಷ್ಟ. ಅದು ಮೇಲುಮೇಲೆ ಸವರಿಕೊಂಡು ಹೋಗುತ್ತದೆ. ದೊಡ್ಡ ಚಕ್ರದ ಗಾಡಿ ಸಣ್ಣ ಗುಂಡಿಗಳನ್ನು ಲೆಕ್ಕಿಸದೆ ಹಾಯ್ದು ಹೋದಂತೆ. ಅಲ್ಲಿ ಕಳೆದುಹೋದದ್ದು ಬಿರುಕು ದನಿಯಾಗಿ ಕೇಳಿಸುತ್ತದೆ: ‘ಸ’ ಹೋಗಿ ‘ಷ್ಶ್’ ಆಗುತ್ತದೆ, ಪಿಯಾನೋದ ಮೇಲಿನ ಸ್ವರಗಳ ಸುತ್ತ ಜರಿ ಕಟ್ಟಿದಂತಿರುತ್ತದೆ.

ಹಾಗಾಗಿ ಮೊದಲ ಹಾಡು ಹಾಕಿ ಹೋಲಿಸಿದರೆ ಗೆಳೆಯ ‘ಭ್ರಮೆ’ ಎಂದದ್ದು ಬಹುಮಟ್ಟಿಗೆ ಸರಿ. ಕೊನೆಯ ಹಾಡು ಹಾಕಿ ನೋಡಿ. ಹೆಣ್ಣು ದನಿ ಎತ್ತರದಲ್ಲಿ ಹಾಡುವ, ಪಿಟೀಲು ಅಥವಾ ಹಿತ್ತಾಳೆ ವಾದ್ಯ ಜೋರಾಗಿರುವ ಕೊನೆಯ ಹಾಡು ಇದ್ದರೆ ಇನ್ನೂ ಒಳ್ಳೆಯದು. ಹೊಸ ಸೂಜಿ ಹಣಕ್ಕೆ ತಕ್ಕಂತೆ ದುಡಿಯುವುದು ಅಲ್ಲೇ.

ರೆಕಾರ್ಡ್ ಕೊರೆಯುತ್ತದೆ ಎಂಬ ಭಯ ಬೇಡ. ಮೈಕ್ರೋಲೈನ್ ಚೂಪಾಗಿರುವುದು ಗ್ರೂವ್ ಓಡುವ ದಿಕ್ಕಿನಲ್ಲಿ ಮಾತ್ರ. ಗೋಡೆಯ ಮೇಲಿನಿಂದ ಕೆಳಕ್ಕೆ ಅದು ಉದ್ದಗೆರೆಯಾಗಿ ತಾಗುತ್ತದೆ, ಭಾರ ಹಂಚಿಹೋಗುತ್ತದೆ. ಆಡಿಯೋ-ಟೆಕ್ನಿಕಾ ತನ್ನ ಎಲಿಪ್ಟಿಕಲ್ ಸೂಜಿಗೆ 300 ಗಂಟೆ ಆಯಸ್ಸು ಹೇಳಿದರೆ ಮೈಕ್ರೋಲೈನ್‌ಗೆ 1000 ಗಂಟೆ ಹೇಳುತ್ತದೆ. ಕೊರೆಯುವುದು ಸವೆದ ಸೂಜಿ. ನಿಮ್ಮ ಹಳೆಯ ರೆಡ್ ಎಷ್ಟು ಗಂಟೆ ಓಡಿದೆ? ಅದನ್ನೂ ಯೋಚಿಸಿ. ಸವೆದ ಹಳೆಯದನ್ನು ಹೊಚ್ಚ ಹೊಸದರ ಪಕ್ಕ ಇಟ್ಟರೆ ಅದು ಕಾರ್ಟ್ರಿಜ್ ಹೋಲಿಕೆಯೇ ಅಲ್ಲ, ವಯಸ್ಸಿನ ಹೋಲಿಕೆ.

ವಿಡಿಯೋಗಳ ಬಗ್ಗೆ ಒಂದೇ ಮಾತು. ಅವರ ಕೇಬಲ್, ಅವರ ಫೋನೋ ಸ್ಟೇಜ್, ಅವರ ಸೆಟಪ್‌ನಲ್ಲಿ ಆದ ಸದ್ದು ಅದು. ಎರಡರ ವಾಲ್ಯೂಮ್ ಸರಿಮಾಡಿದ್ದಾರೋ ಇಲ್ಲವೋ ಅವರಿಗೇ ಗೊತ್ತು. ಒಳಗ್ರೂವ್‌ನ ಬಿರುಕು ಕೇಳಲು ಅವು ಉಪಯೋಗಕ್ಕೆ ಬರುತ್ತವೆ. ‘ಬೆಚ್ಚಗಿದೆ’, ‘ತೀಕ್ಷ್ಣವಾಗಿದೆ’ ಎಂದು ತೀರ್ಮಾನಿಸಲು ಬರುವುದಿಲ್ಲ.

ಇನ್ನು ಅರ್ಧ ಗಂಟೆಯ ಸಮಸ್ಯೆ. ದನಿಯ ಸೂಕ್ಷ್ಮಗಳನ್ನು ನಾವು ಅಷ್ಟು ಹೊತ್ತು ನೆನಪಿನಲ್ಲಿ ಹಿಡಿದಿಡಲಾರೆವು. ನಿಮ್ಮದೊಂದೇ ಅಲ್ಲ, ಎಲ್ಲರದೂ ಅದೇ ಪಾಡು. ಅದಕ್ಕೆ ನಾನು ಹೇಳುವುದು ರೆಕಾರ್ಡ್ ಮಾಡಿಕೊಳ್ಳಿ ಅಂತ. ಫೋನೋ ಸ್ಟೇಜ್‌ನಿಂದ ಒಂದು ಸಾಧಾರಣ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ ಕಂಪ್ಯೂಟರ್‌ಗೆ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ. ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು. ಒಂದೇ ರೆಕಾರ್ಡ್‌ನ ಮೊದಲ ಹಾಡು, ಕೊನೆಯ ಹಾಡು. ರೆಕಾರ್ಡ್ ಚೆನ್ನಾಗಿ ತೊಳೆದಿರಲಿ.

ಇದರಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ಪ್ರತಿ ಕಾರ್ಟ್ರಿಜ್‌ನಲ್ಲೂ ಅದೇ ಹಾಡನ್ನು ಎರಡೆರಡು ಸಲ ರೆಕಾರ್ಡ್ ಮಾಡಿ. ಮೊದಲು ರೆಡ್‌ನ ಒಂದನೆಯದನ್ನು ರೆಡ್‌ನ ಎರಡನೆಯದರ ಜೊತೆಗೇ ಹೋಲಿಸಿ ಕೇಳಿ. ಅಲ್ಲೂ ವ್ಯತ್ಯಾಸ ‘ಕೇಳಿಸಿದರೆ’, ಅದು ಧೂಳು, ವೇಗದ ಏರಿಳಿತ ಅಥವಾ ನಿಮ್ಮ ಆ ಹೊತ್ತಿನ ಮನಸ್ಸು. ಕಾರ್ಟ್ರಿಜ್‌ಗಳ ನಡುವಿನ ವ್ಯತ್ಯಾಸ ಅದಕ್ಕಿಂತ ದೊಡ್ಡದಿದ್ದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಆಮೇಲೆ ಸದ್ದು ಸರಿಮಾಡಿ. 1 ಕಿಲೋಹರ್ಟ್ಸ್ ಟೋನ್ ಇರುವ ಟೆಸ್ಟ್ ರೆಕಾರ್ಡ್ ಇದ್ದರೆ ಸುಲಭ. ಇಲ್ಲದಿದ್ದರೆ ಅದೇ ಹಾಡಿನ ಅದೇ ಅರ್ಧ ನಿಮಿಷದ ಸರಾಸರಿ ಮಟ್ಟ ನೋಡಿ ಹೊಂದಿಸಿ. ಎರಡರ ನಡುವೆ 0.2 ಡೆಸಿಬಲ್‌ಗಿಂತ ಜಾಸ್ತಿ ಅಂತರ ಇರಬಾರದು. ಎಡ, ಬಲ ಬೇರೆ ಬೇರೆ ನೋಡಿ. ಕಾರ್ಟ್ರಿಜ್‌ಗಳಲ್ಲಿ ಎರಡು ಕಡೆಯ ಮಟ್ಟ ಒಂದೂವರೆ, ಎರಡು ಡೆಸಿಬಲ್ ಆಚೀಚೆ ಇರುವುದು ಅಪರೂಪವಲ್ಲ. ಗಾಯಕಿ ನಡುವಿನಿಂದ ಪಕ್ಕಕ್ಕೆ ಸರಿದು ನಿಂತಂತೆ ಅನಿಸಲು ಅಷ್ಟು ಸಾಕು. ಅದಕ್ಕೆ ‘ಸೌಂಡ್‌ಸ್ಟೇಜ್ ಬೇರೆ’ ಎಂದು ಹೆಸರಿಡುತ್ತಾರೆ.

ಕೊನೆಗೆ ಯಾವುದು ಯಾವುದೆಂದು ಗೊತ್ತಾಗದಂತೆ ಕೇಳಿ. ಫೂಬಾರ್2000 ಪ್ಲೇಯರ್‌ಗೆ ಎಬಿಎಕ್ಸ್ ಎಂಬ ಜೋಡಣೆ ಸಿಗುತ್ತದೆ, ಅದೇ ಕಲಸಿ ಎರಡರಲ್ಲಿ ಒಂದನ್ನು ಗುಟ್ಟಾಗಿ ಕೇಳಿಸುತ್ತದೆ, ಯಾವುದೆಂದು ನೀವು ಹೇಳಬೇಕು. ಹತ್ತು ಹದಿನೈದು ಸೆಕೆಂಡಿನ ತುಣುಕು ಸಾಕು. 16 ಸಲ ಕೇಳಿ 12 ಸಲ ಸರಿ ಹೇಳಿದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಒಂದು ಎಚ್ಚರ: ಒಂದು ತುಣುಕಿನಲ್ಲಿ ಮಾತ್ರ ‘ಟಿಕ್’ ಅನ್ನುವ ಧೂಳಿನ ಸದ್ದು ಇದ್ದರೆ ಕಿವಿ ಅದನ್ನೇ ಗುರುತು ಮಾಡಿಕೊಂಡು ಹದಿನಾರಕ್ಕೆ ಹದಿನಾರೂ ಸರಿ ಹೇಳುತ್ತದೆ. ಅಂಥ ತುಣುಕು ಬೇಡ.

ಇಷ್ಟು ತಾಪತ್ರಯ ಬೇಡ ಎನ್ನುವವರಿಗೆ ಸುಲಭದ ದಾರಿಯೂ ಇದೆ. ವಿಎಂ95 ಸಾಲಿನ ಸೂಜಿಗಳೆಲ್ಲ ಒಂದೇ ಮೈಗೆ ಕೂರುತ್ತವೆ. ಅದೇ ಸಾಲಿನ ಎಲಿಪ್ಟಿಕಲ್ ಸೂಜಿ ಒಂದನ್ನು ತಂದುಕೊಂಡರೆ, ಸ್ಕ್ರೂ ಬಿಚ್ಚದೆ ಎಳೆದು ತೆಗೆದು ಇನ್ನೊಂದು ಹಾಕಬಹುದು. ಸುರುಳಿ, ಕೇಬಲ್, ಕೆಪ್ಯಾಸಿಟನ್ಸ್ ಯಾವುದೂ ಬದಲಾಗುವುದಿಲ್ಲ. ಅಲೈನ್‌ಮೆಂಟ್ (ಕಾರ್ಟ್ರಿಜ್ ಕೂತ ನೇರ) ಕೂಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬದಲಾಗುವುದು ಸೂಜಿ, ಕ್ಯಾಂಟಿಲಿವರ್, ಅದಕ್ಕಂಟಿದ ಅಯಸ್ಕಾಂತ ಮಾತ್ರ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಗೊತ್ತಿಲ್ಲ. ಸೂಜಿ ಎಳೆಯುವಾಗ ಕೈ ಜಾರಿದರೆ ಕ್ಯಾಂಟಿಲಿವರ್ ಮುರಿಯುತ್ತದೆ, ಅದೊಂದು ಜೋಪಾನ.

ಮೂವಿಂಗ್ ಕಾಯಿಲ್? ನೀವಿರುವ ಸ್ಥಿತಿಯಲ್ಲಿ ಈಗಲೇ ಬೇಡ ಎನ್ನುತ್ತೇನೆ. ಸುರುಳಿ ಚಿಕ್ಕದಾದ್ದರಿಂದ ಕೆಪ್ಯಾಸಿಟನ್ಸ್‌ನ ಕಾಟ ಇರುವುದಿಲ್ಲ, ಅದು ನಿಜವಾದ ಲಾಭ. ಆದರೆ ಮೂವಿಂಗ್ ಕಾಯಿಲ್ ಎಂದ ಮಾತ್ರಕ್ಕೆ ಸೂಜಿ ಒಳ್ಳೆಯದು ಎಂದಲ್ಲ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಜೊತೆ ಸೇರಿ 1960ರ ದಶಕದ ಆರಂಭದಲ್ಲಿ ಮಾಡಿದ ಡೆನಾನ್ ಡಿಎಲ್-103ಕ್ಕೆ ಅಭಿಮಾನಿಗಳು ಈಗಲೂ ಇದ್ದಾರೆ. ಅದರ ಸೂಜಿ ಸಾದಾ ದುಂಡು, 16 ಮೈಕ್ರಾನ್ ಚಿಲ್ಲರೆ. ಕೊನೆಯ ಹಾಡಿನ ‘ಸ’ದಲ್ಲಿ ನಿಮ್ಮ ಮೈಕ್ರೋಲೈನ್ ಅದನ್ನು ಹಿಂದೆ ಹಾಕುತ್ತದೆ. ಅದರ ಔಟ್‌ಪುಟ್ 0.3 ಮಿಲಿವೋಲ್ಟ್, ಅಂದರೆ ಫೋನೋ ಸ್ಟೇಜ್ ಬೇರೆಯದೇ ಬೇಕು, ಅಗ್ಗದ್ದಾದರೆ ‘ಹಿಸ್’ ಬರುತ್ತದೆ. ಕ್ಯಾಂಟಿಲಿವರ್ ಬಿಗಿ, ಭಾರದ ಆರ್ಮ್ ಬೇಕು. ಸೂಜಿ ಸವೆದರೆ ನೀವೇ ಎಳೆದು ಬದಲಿಸಲು ಬರುವುದಿಲ್ಲ.

ಹಾಗಾಗಿ ನಿಮ್ಮ ಕೆಲಸದ ಕ್ರಮ ಹೀಗಿರಲಿ: ಮೊದಲು ಭಾರ ತೂಗಿ, ಆಮೇಲೆ ಅಲೈನ್‌ಮೆಂಟ್, ಆಮೇಲೆ ಕೆಪ್ಯಾಸಿಟನ್ಸ್ ಇಳಿಸಿ, ಕೊನೆಗೆ ಹೋಲಿಕೆ. ಇಷ್ಟಾದರೂ ಆ ಕೆಲವು ರೆಕಾರ್ಡ್‌ಗಳಲ್ಲಿ ಮಾತ್ರ ‘ಸ’ ಚುಚ್ಚಿದರೆ ತಪ್ಪು ಆ ರೆಕಾರ್ಡ್‌ಗಳದು ಎಂದೇ ನನ್ನ ಊಹೆ. ಹಿಂದೆ ಯಾವುದೋ ಸವೆದ ಸೂಜಿ ಗೋಡೆ ಕೆಡಿಸಿರಬಹುದು, ಇಲ್ಲವೇ ತಯಾರಿಕೆಯಲ್ಲಿ ಗ್ರೂವ್ ಕೊರೆಯುವಾಗಲೇ ಹಾಗಿದ್ದಿರಬಹುದು. ಯಾವ ಕಾರ್ಟ್ರಿಜ್ ಹಾಕಿದರೂ ಅದು ಹೋಗುವುದಿಲ್ಲ. ಎಲ್ಲ ರೆಕಾರ್ಡ್‌ಗಳಲ್ಲೂ ಚುಚ್ಚಿದರೆ ಮತ್ತೆ ಬರೆಯಿರಿ. ಆಗ ಕೇಬಲ್‌ನ ಉದ್ದ, ತಕ್ಕಡಿಯಲ್ಲಿ ಬಂದ ಭಾರ, ಕ್ಯಾಂಟಿಲಿವರನ್ನು ಮುಂದಿನಿಂದ ತೆಗೆದ ಒಂದು ಹತ್ತಿರದ ಫೋಟೋ, ಈ ಮೂರನ್ನೂ ಕಳುಹಿಸಿ.